ಎಡಗಾಲಿನ ಹೊಲಿಗೆ

ಬಸ್ ಓಡಿಸುವ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದದ್ದು ನನ್ನ ಹಿಮ್ಮಡಿಯಿಂದ.

ಪರೀಕ್ಷೆ ಮಾಡುವ ಸಾಹೇಬರು ಪಕ್ಕದ ಸೀಟಿನಲ್ಲಿ ಕೂತಿರುತ್ತಾರೆ. ಬಸ್ಸಿಗೆ ಒಂದಿಷ್ಟು ವೇಗ ಬಂದ ಮೇಲೆ ಹೇಳದೆ ಕೇಳದೆ ಮುಂದಿನ ಹಲಗೆಯ ಮೇಲೆ ಅಂಗೈಯಿಂದ ಪಟ್ಟನೆ ಹೊಡೆಯುತ್ತಾರೆ. ರಸ್ತೆಗೆ ಮಗುವೊಂದು ಓಡಿಬಂದಿದೆ ಎಂದು ಅದರ ಅರ್ಥ. ಬಸ್ಸು ಆ ಕ್ಷಣಕ್ಕೆ ನಿಲ್ಲಬೇಕು. ಅವರು ಹೊಡೆದರು. ನಾನೂ ಜೀವವನ್ನೆಲ್ಲ ಕಾಲಿಗೆ ತಂದು ಒತ್ತಿದೆ. ಆದರೆ ಒತ್ತಿದ್ದು ಬ್ರೇಕನ್ನಲ್ಲ. ಎಕ್ಸಿಲೇಟರ್ ಮೇಲಿದ್ದ ಬಲಗಾಲು ಅಲ್ಲೇ ಇತ್ತು. ಮುಂಗಾಲು ಮೇಲೆದ್ದಿತ್ತು, ಹಿಮ್ಮಡಿ ನೆಲ ಕಚ್ಚಿತ್ತು. ಬಸ್ಸು ತನ್ನ ಪಾಡಿಗೆ ತಾನು ಉರುಳುತ್ತ ಹೋಗಿ, ಡಿಪೋದ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ರಬ್ಬರ್ ಕಂಬಗಳನ್ನು ಒಂದೊಂದಾಗಿ ಮಲಗಿಸಿತು.

"ಮಗು ಹೋಯ್ತಮ್ಮ," ಎಂದರು ಸಾಹೇಬರು, ಯಾರದೋ ಮನೆಯ ನಿಜವಾದ ಮಗುವೇ ಹೋದಂತೆ. "ಅದರ ಹಿಂದೆ ಅವರಮ್ಮನೂ ಹೋದಳು."

ನಮಗೆ ಕಲಿಸುತ್ತಿದ್ದ ಹಳೆಯ ಡ್ರೈವರಿಗೆ ನಾವು ಹಾರ್ನಣ್ಣ ಎಂದು ಹೆಸರಿಟ್ಟಿದ್ದೆವು. ಅವರ ದನಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ. ಸಾಹೇಬರು ಹೋದ ಮೇಲೆ ಅವರು ನನ್ನನ್ನು ನಿಂತ ಬಸ್ಸಿನಲ್ಲೇ ಮತ್ತೆ ಕೂರಿಸಿ, ತಾವು ಕೆಳಗೆ ಮೆಟ್ಟಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಹಲಗೆಗೆ ಹೊಡೆದು ಹೊಡೆದು ನನ್ನ ಪಾದವನ್ನೇ ನೋಡಿದರು.

"ಏನ್ ಕೆಲಸ ಮಾಡೋದು ನೀವು?"

"ಹೊಲಿಗೆ ಅಣ್ಣ. ಅಂಗಿ ಕಾಲರು."

"ಮೆಷಿನ್ನಿಗೆ ಪೆಡಲ್ ಹೆಂಗೆ?"

"ಮುಂಗಾಲು ಒತ್ತಿದ್ರೆ ಓಡ್ತದೆ. ಹಿಮ್ಮಡಿ ಒತ್ತಿದ್ರೆ ನಿಲ್ತದೆ. ಸೂಜಿ ಮೇಲೇಳ್ತದೆ, ದಾರ ತಾನೇ ಕತ್ತರಿಸ್ಕೊಳ್ತದೆ."

"ಎಷ್ಟು ಕಾಲದಿಂದ?"

"ಮದುವೆಗೆ ಮುಂಚಿಂದ."

ಹಾರ್ನಣ್ಣ ಮಂಡಿ ಹಿಡಿದುಕೊಂಡು ಎದ್ದರು. "ಸರಿ ಹೋಯ್ತು. ಬಸ್ಸಿನ ದಾರ ಕತ್ತರಿಸೋಕೆ ಹೋಗಿದ್ದೀರಿ."

ಹಿಂದಿನ ಸೀಟಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಸಲೂನಿನವನು. ಅವನೂ ನನ್ನ ಹಾಗೆಯೇ. ಅರ್ಧ ಆಯುಸ್ಸು ಜನರ ತಲೆಕೂದಲು ಕತ್ತರಿಸಿ, ಈಗ ಬಸ್ಸು ಓಡಿಸುತ್ತೇನೆಂದು ಬಂದವನು. ಕನ್ನಡಿ ನೋಡು ಎಂದರೆ ಅವನಿಗೆ ಹಿಂದಿನಿಂದ ಬರುವ ಗಾಡಿ ಕಾಣುತ್ತಿರಲಿಲ್ಲ, ಕೂತವರ ಕಿವಿಯ ಹಿಂದೆ ಉಳಿದ ಕೂದಲು ಕಾಣುತ್ತಿತ್ತು. ಆದರೂ ಅವನು ಪಾಸಾಗಿದ್ದ. ಕಣ್ಣಿನ ಚಾಳಿಗೆ ಕ್ಷಮೆ ಇದೆ, ಕಾಲಿನ ಚಾಳಿಗೆ ಇಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರಾಗ್ಬೇಡಿ," ಎಂದರು ಹಾರ್ನಣ್ಣ. "ದಿನಾ ಬೆಳಿಗ್ಗೆ ನಾನು ನಿಮ್ಮ ಕಾಲಿಗೆ ಪಾಠ ಹೇಳ್ತೀನಿ. ಆಮೇಲೆ ಹಗಲೆಲ್ಲ ಆ ಮೆಷಿನ್ನು ಅದನ್ನ ಅಳಿಸಿ ತನ್ನ ಪಾಠ ಹೇಳ್ತದೆ. ಯಾರು ಗೆಲ್ತಾರೆ? ಇನ್ನೊಂದು ಪರೀಕ್ಷೆವರೆಗಾದ್ರೂ ಹೊಲಿಗೆ ಬಿಡಿ."

ಇನ್ನೊಂದು ಪರೀಕ್ಷೆ ಎಂದರೆ ಇನ್ನೊಂದೇ. ಅದೂ ತಪ್ಪಿದರೆ, ಮುಂದಿನ ತಂಡಕ್ಕೆ ಜನ ತೆಗೆದುಕೊಳ್ಳುವ ಹೊತ್ತಿಗೆ ನನ್ನ ವಯಸ್ಸು ಅವರು ಹಾಕಿದ ಗೆರೆ ದಾಟಿರುತ್ತದೆ.

ಹೊಲಿಗೆ ಬಿಡಿ ಎನ್ನುವುದು ಸುಲಭ. ನಾನು ಹೊಲಿಯುತ್ತಿದ್ದುದು ಒಂದು ಉದ್ದನೆಯ ಹಾಲಿನಲ್ಲಿ, ಮಹಡಿಯ ಮೇಲೆ. ಹೊರಗೆ ನೋಡಿದರೆ ಕೈ ತಪ್ಪುತ್ತದೆಂದು ಕಿಟಕಿಯ ಗಾಜುಗಳಿಗೆ ಯಜಮಾನರು ಬಿಳಿ ಬಣ್ಣ ಬಳಿಸಿದ್ದರು. ಹೊರಗೆ ಬಿಸಿಲೋ ಮಳೆಯೋ ನಮಗೆ ಗೊತ್ತಾಗುತ್ತಿದ್ದುದು ಟೀ ತರುವವನ ತಲೆ ಒದ್ದೆಯಾಗಿದೆಯೇ ಎಂದು ನೋಡಿ. ಹಾಲಿನ ಹಿಂದೆಯೇ ನಮ್ಮ ಕೋಣೆ. ನನ್ನ ಗಂಡ ಅಲ್ಲಿ ಕಟಿಂಗ್ ಮಾಸ್ಟರ್, ನಾನು ಕಾಲರ್. ಇಬ್ಬರೂ ಕೆಲಸದಲ್ಲಿರುವವರೆಗೆ ಕೋಣೆ ನಮ್ಮದು. ಹಾಸಿಗೆಯಿಂದ ಎದ್ದು ಮೆಷಿನ್ನಿಗೆ ಬರಲು ಚಪ್ಪಲಿಯೂ ಬೇಡ. ನನ್ನ ಚಪ್ಪಲಿಗಳು ಸವೆಯದೆಯೇ ಹಳೆಯವಾಗುತ್ತಿದ್ದವು.

ಹಿಂದೊಂದು ದಿನ ಸಿಟಿ ಬಸ್ಸಿನಲ್ಲಿ ಹೋಗುವಾಗ ಮುಂದಿನ ಸೀಟು ಸಿಕ್ಕಿತು. ನನ್ನ ವಯಸ್ಸಿನ ಹೆಂಗಸೊಬ್ಬಳು ಬಸ್ಸು ಓಡಿಸುತ್ತಿದ್ದಳು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ಕಣ್ಣು ರಸ್ತೆಯ ಆ ತುದಿಗೆ. ಇಷ್ಟು ದೂರ ನೋಡುವುದಕ್ಕೆ ಸಂಬಳ ಕೊಡುತ್ತಾರೆಯೇ ಎನ್ನಿಸಿತು. ನನಗೆ ಸಂಬಳ ಸಿಗುತ್ತಿದ್ದುದು ಸೂಜಿಯ ಮುಂದಿನ ಒಂದು ಬೆರಳಗಲ ಜಾಗವನ್ನು ನೋಡುವುದಕ್ಕೆ. ಅವಳ ತಲೆಯ ಹಿಂದೆ ಒಂದು ಕಾಗದ ಅಂಟಿಸಿದ್ದರು: ಡ್ರೈವರ್‌ಗಳು ಬೇಕಾಗಿದ್ದಾರೆ, ಹೆಚ್ಚಿನ ಓದು ಬೇಡ, ನಾವೇ ಕಲಿಸುತ್ತೇವೆ. ಹೆಚ್ಚಿನ ಓದು ಬೇಡ ಎನ್ನುವ ಮಾತನ್ನು ಎಷ್ಟು ಸಲ ಓದಿದೆನೆಂದರೆ, ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು.

ಪರೀಕ್ಷೆ ಫೇಲಾದ ಆ ದಿನ ಹಾಲಿಗೆ ಬಂದು, ನನ್ನ ಗಂಡನ ಅಕ್ಕನ ಮುಂದೆ ನಿಂತೆ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಇಡೀ ಹೊಲಿಗೆಯ ಸಾಲನ್ನು ನೋಡಿಕೊಳ್ಳುವವರು ಅವರೇ. ಒಂದು ಕಾಲದಲ್ಲಿ ನನ್ನ ಮೆಷಿನ್ನಿನ ಮೇಲೆಯೇ ಕಾಲರು ಹೊಲಿದವರು. ಕತ್ತು ಹಿಡಿದುಕೊಂಡ ಮೇಲೆ, ನನ್ನನ್ನು ತಯಾರು ಮಾಡಿ, ಬಡ್ತಿ ಪಡೆದು ಎದ್ದು ನಿಂತವರು. ಆಮೇಲೆ ಹಾಲಿನಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಊಟವನ್ನೂ ನಿಂತೇ ಮಾಡುತ್ತಿದ್ದರು, ಕೂತರೆ ಎಲ್ಲಿ ಮತ್ತೆ ಕೂರಿಸಿಬಿಡುತ್ತಾರೋ ಎನ್ನುವಂತೆ.

"ಏನಾಯ್ತೇ ಡ್ರೈವರಮ್ಮ?"

"ಫೇಲು."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿಂಗೆ ಯಾವುದು ಡೊಂಕಾಗಿತ್ತು?"

"ಕಾಲೇ ಡೊಂಕು ಅತ್ತಿಗೆ." ಹಿಮ್ಮಡಿಯ ಕತೆ ಹೇಳಿದೆ. "ಒಂದು ತಿಂಗಳು ನಂಗೆ ಪೆಡಲ್ ಇಲ್ಲದ ಕೆಲಸ ಕೊಡಿ. ಗುಂಡಿ ಹಾಕ್ತೀನಿ, ಇಸ್ತ್ರಿ ಮಾಡ್ತೀನಿ. ದಾರ ಕತ್ತರಿಸೋಕೆ ಕೂರಿಸಿದ್ರೂ ಸರಿ."

ಅವರು ನಗಲಿಲ್ಲ. "ದಾರ ಕತ್ತರಿಸೋಕೆ ನಿನ್ನೆ ಬಂದ ಹುಡುಗಿನೂ ಆಗ್ತಾಳೆ. ಕಾಲರ್‌ಗೆ ಯಾರಾಗ್ತಾರೆ, ಹೇಳು? ನೀನು ಹೊಲಿದ ತುದಿ ನೋಡಿ ತಾನೇ ಆರ್ಡರ್ ಬಂದಿರೋದು. ಈ ಆರ್ಡರ್ ಮುಗೀಲಿ."

"ಅದು ಮುಗಿದ್ರೆ ಇನ್ನೊಂದು ಬರ್ತದೆ."

"ಬರ್ಲಿ ಅಂತ ಬೇಡ್ಕೋ. ಬರದಿದ್ರೆ ನಿನ್ನ ಗಂಡನೂ ನಾನೂ ನಿನ್ನ ಬಸ್ಸಲ್ಲಿ ಟಿಕೆಟ್ ಇಲ್ದೆ ಓಡಾಡ್ಬೇಕಾಗ್ತದೆ."

ಕೆಲಸ ಬರದವರನ್ನು ಹೊರಗೆ ಹಾಕುತ್ತಾರೆ ಎಂದು ಎಲ್ಲರಿಗೂ ಗೊತ್ತು. ಕೆಲಸ ಚೆನ್ನಾಗಿ ಬಂದವರನ್ನು ಒಳಗೇ ಹಾಕುತ್ತಾರೆ ಎನ್ನುವುದು ನನಗೆ ಆವತ್ತು ಗೊತ್ತಾಯಿತು. ಬಿಟ್ಟು ಹೋದರೆ ಕೋಣೆ ಹೋಗುತ್ತದೆ, ಆಮೇಲೆ ಪರೀಕ್ಷೆಯೂ ಫೇಲಾದರೆ ಕೋಣೆ, ಬಸ್ಸು ಎರಡೂ ಹೋಗುತ್ತವೆ. ಹೊಲಿಯುತ್ತಿದ್ದರೆ ಫೇಲಾಗುವುದು ಖಂಡಿತ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ಮಾರನೆಯ ದಿನ ಡಿಪೋಗೆ ಹೋಗಿ ಕೂತೆ.

"ಇದಕ್ಕೆಲ್ಲ ಇಷ್ಟು ಯೋಚನೆ ಯಾಕಕ್ಕ, ಕಾಲಿಗೆ ಬುದ್ಧಿ ಹೇಳಿ," ಎಂದ ಸಲೂನಿನವನು. ಕೆಲಸ ಬಿಟ್ಟು ಓಡಿಹೋಗು ಎಂದು ಅವನ ತಮಾಷೆ. ಅವನೇನೋ ಓಡಿಬಂದಿದ್ದ, ಕತ್ತರಿ ಬಾಚಣಿಗೆ ಜೇಬಿನಲ್ಲಿ ಹಿಡಿಯುತ್ತವೆ. ನಾನು ಬಸ್ಸಿನ ಪೆಡಲ್‌ಗಳನ್ನೇ ನೋಡುತ್ತ ಕೂತಿದ್ದೆ. ಈಗಿನ ಬಸ್ಸುಗಳಿಗೆ ಕ್ಲಚ್ ಇಲ್ಲ, ಎರಡೇ ಪೆಡಲ್, ಎರಡಕ್ಕೂ ಬಲಗಾಲೇ. ಎಡಗಾಲು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ, ಮಗಳ ಮನೆಗೆ ಬಂದ ಬೀಗರಂತೆ.

ಹಾಗಾದರೆ ಹೊಲಿಗೆಯನ್ನು ಅದಕ್ಕೆ ದಾಟಿಸಿಬಿಟ್ಟರೆ?

ಆ ದಿನವೇ ಶುರು ಮಾಡಿದೆ. ಕಾಲರ್ ಒಳಗೆ ಹಾಕುವ ಗಟ್ಟಿ ಬಟ್ಟೆಯ ಒಂದು ಪಟ್ಟಿ ತೆಗೆದು, ಬಲಗಾಲನ್ನು ಸ್ಟೂಲಿನ ಕಾಲಿಗೆ ಕಟ್ಟಿದೆ. ಕಟ್ಟದಿದ್ದರೆ ಅದು ಕರೆಯದೆಯೇ ಹೋಗಿ ಪೆಡಲ್ ಮೇಲೆ ಕೂರುತ್ತಿತ್ತು. ಎಡಗಾಲನ್ನು ಅಡ್ಡಲಾಗಿ ಚಾಚಿ ಒತ್ತಿದೆ. ಮೆಷಿನ್ನು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು. ಹೊಲಿಗೆ ಗೆರೆ ಬಿಟ್ಟು ಅಂಚಿಗೆ ಹೋಗಿ ಬಟ್ಟೆಯಿಂದಲೇ ಆಚೆ ಬಿದ್ದಿತು.

ಕಾಲರಿನ ಕಷ್ಟ ಇರುವುದು ಎರಡು ತುದಿಗಳಲ್ಲಿ. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡನ್ನೂ ಒಳಮುಖ ಹೊರಗೆ ಮಾಡಿ ಹೊಲಿದು, ಆಮೇಲೆ ತಿರುವಬೇಕು. ತಿರುವಿದಾಗ ಎಡತುದಿ ಬಲತುದಿ ಅವಳಿ ಮಕ್ಕಳಂತೆ ಕಾಣಬೇಕು. ನನ್ನ ಎಡಗಾಲು ಹೊಲಿದ ತುದಿಗಳು ಸೋದರಸಂಬಂಧಿಗಳಂತೆಯೂ ಕಾಣುತ್ತಿರಲಿಲ್ಲ. ಕೆಟ್ಟವನ್ನು ಸೆರಗಿನಲ್ಲಿ ಮುಚ್ಚಿ ಕೋಣೆಗೆ ತಂದು, ಹೊಲಿಗೆ ಬಿಚ್ಚಿ, ಮತ್ತೆ ಹೊಲಿಯುತ್ತಿದ್ದೆ. ನನ್ನ ಗಂಡ ಎದುರಿಗೆ ಕೂತು ಊಟ ಮಾಡುತ್ತ ಅದನ್ನೆಲ್ಲ ನೋಡುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಕತ್ತರಿ ಹಿಡಿದವನು ಬಾಯಿ ತೆರೆದರೆ ಗೆರೆ ತಪ್ಪುತ್ತದೆ ಎಂದು ಅವರ ಗುರು ಹೇಳಿದ್ದನ್ನು ಮನೆಗೂ ತಂದಿದ್ದರು.

ಒಂದು ವಾರದ ಮೇಲೆ, ಕತ್ತರಿಸಿ ಬಂದ ಕಾಲರ್ ತುಂಡುಗಳನ್ನು ಕೈಗೆತ್ತಿಕೊಂಡಾಗಲೇ ತಿಳಿಯಿತು. ಅಂಚು ಅಗಲವಾಗಿತ್ತು. ಹೆಚ್ಚೇನಿಲ್ಲ, ಬೇರೆಯವರ ಕಣ್ಣಿಗೆ ಕಾಣದಷ್ಟು. ಆದರೆ ಮೊದಲ ಹೊಲಿಗೆ ಸೊಟ್ಟಗೆ ಆಚೆ ಹೋದರೂ, ಒಳಗಿನಿಂದ ಇನ್ನೊಂದು ನೆಟ್ಟಗೆ ಹಾಕಿ, ಉಳಿದದ್ದನ್ನು ಕತ್ತರಿಸಿ ಎಸೆಯುವಷ್ಟು ಜಾಗ ಇತ್ತು.

"ಅಂಚು ಜಾಸ್ತಿ ಬರ್ತಿದೆಯಲ್ಲ?" ಎಂದೆ ಊಟಕ್ಕೆ ಕೂತಾಗ.

"ಕತ್ತರಿ ಮೊಂಡಾಗಿದೆ," ಎಂದರು ತಟ್ಟೆ ನೋಡುತ್ತ.

ಅವರ ಕತ್ತರಿಯಲ್ಲಿ ಬೇಕಾದರೆ ಗಾಳಿಯನ್ನೂ ಸೀಳಬಹುದಿತ್ತು. ನಾನು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನಬೇಕಾಗುತ್ತಿತ್ತು.

ಅಲ್ಲಿಂದ ಕೆಲಸ ಸಲೀಸಾಯಿತು. ಎಡಗಾಲು ನಿಧಾನಕ್ಕೆ ಪಳಗಿತು. ಡಿಪೋದಲ್ಲಿ ಹಾರ್ನಣ್ಣ ಹಲಗೆಗೆ ಹೊಡೆದರೆ ಬಲಗಾಲು ಮೊದಮೊದಲು ಅನುಮಾನಿಸಿ, ಆಮೇಲೆ ಅನುಮಾನಿಸದೆ ಬ್ರೇಕಿಗೆ ಹಾರತೊಡಗಿತು. ಹಿಮ್ಮಡಿ ಒತ್ತುವ ಚಾಳಿ ಎಡಗಾಲಿಗೆ ಹೋಗಿ, ಬಸ್ಸಿನ ಬರಿ ನೆಲವನ್ನು ಒತ್ತುತ್ತಿತ್ತು. "ಒತ್ತಲಿ ಬಿಡಿ, ಆ ನೆಲಕ್ಕೇನೂ ನೋವಾಗಲ್ಲ," ಎಂದರು ಹಾರ್ನಣ್ಣ.

ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಬಟ್ಟೆ ಮುಗಿಯಿತು.

ಅದು ಯಾವುದೋ ಕಂಪನಿಯ ಕಾವಲುಗಾರರ ಸಮವಸ್ತ್ರ. ಅವರೇ ಬಣ್ಣ ಹಾಕಿಸಿ, ಇಷ್ಟು ಅಂಗಿಗೆ ಇಷ್ಟೇ ಎಂದು ಅಳೆದು ಕಳಿಸಿದ ಬಟ್ಟೆ. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಮೈ ಇತ್ತು, ತೋಳಿತ್ತು, ಜೇಬಿತ್ತು. ಕೊನೆಯ ಒಂದಿಷ್ಟು ಅಂಗಿಗಳಿಗೆ ಕಾಲರು ಮಾತ್ರ ಇರಲಿಲ್ಲ. ಅತ್ತಿಗೆ ಕಟಿಂಗ್ ಮೇಜಿನ ಮುಂದೆ ನಿಂತು, ಕತ್ತಿನಲ್ಲಿದ್ದ ಅಳತೆ ಟೇಪನ್ನು ಒಂದು ಕಾಲರ್ ತುಂಡಿನ ಮೇಲೆ ಎಳೆದರು. ತಮ್ಮನ ಮುಖ ನೋಡಿದರು. ನೆಟ್ಟಗೆ ನನ್ನ ಮೆಷಿನ್ನಿನ ಹತ್ತಿರ ಬಂದು ಬಗ್ಗಿ, ಸ್ಟೂಲಿಗೆ ಕಟ್ಟಿದ್ದ ನನ್ನ ಕಾಲನ್ನು ನೋಡಿದರು.

"ಓಹೋ," ಎಂದರು. "ಇವಳು ಕಾಲು ಕಟ್ಕೊಂಡು ಕೂತಿದ್ದಾಳೆ. ಇವನು ಕಣ್ಣು ಕಟ್ಕೊಂಡು ಕತ್ತರಿಸ್ತಿದ್ದಾನೆ. ಕತ್ತು ಕೊಡೋಕೆ ನಾನು."

"ಕತ್ತರಿ ಮೊಂಡಾಗಿತ್ತು ಅಕ್ಕ, ತಪ್ಪು ನಂದು," ಎಂದರು ನನ್ನ ಗಂಡ. "ಅವಳು ಕೇಳಿರ್ಲಿಲ್ಲ."

"ಕೇಳಿದ್ರೆ ಕತ್ತರಿಸ್ತಿರ್ಲಿಲ್ಲ ನೀನು, ಗೊತ್ತು ನಂಗೆ. ಚಿಕ್ಕವನಿದ್ದಾಗಿಂದ್ಲೂ ಅಷ್ಟೆ. ಕೇಳಿದ್ರೆ ಇಲ್ಲ, ಕೇಳದಿದ್ರೆ ಅಂಗಿ ಬಿಚ್ಚಿ ಕೊಡೋನು. ನಾಡಿದ್ದು ಸಂಜೆ ಲಾರಿ ಬರ್ತದೆ. ಯಜಮಾನರು ಬಟ್ಟೆ ಲೆಕ್ಕ ಕೇಳಿದ್ರೆ ಮೊಂಡು ಕತ್ತರಿ ತೋರಿಸ್ತೀಯಾ?"

ಹಾಲಿನಲ್ಲಿ ಮೆಷಿನ್ನುಗಳೆಲ್ಲ ನಿಧಾನವಾಗಿದ್ದವು. ಕಿವಿ ಇತ್ತ ಇದ್ದಾಗ ಹೆಂಗಸರ ಕಾಲು ತಾನೇ ಹಗುರವಾಗುತ್ತದೆ. ಅತ್ತಿಗೆ ತಿರುಗಿ ನೋಡಿದ್ದೇ ಮತ್ತೆ ಎಲ್ಲ ಭರ್ರನೆ ಓಡಿದವು.

ದಾರಿ ಹುಡುಕಿದವರೂ ಅವರೇ. ಕಾಲರಿನ ಕೆಳಗಿನ ಬಟ್ಟೆ ಯಾರಿಗೂ ಕಾಣುವುದಿಲ್ಲ. ಉಳಿದ ಚೂರುಗಳಲ್ಲಿ ಎರಡೆರಡನ್ನು ನಡುವೆ ಜೋಡಿಸಿ ಅದಕ್ಕೆ ಹಾಕಿದರೆ, ಇದ್ದ ಇಡೀ ತುಂಡುಗಳು ಮೇಲಿನದಕ್ಕೆ ಸಾಕಾಗುತ್ತವೆ. ಆದರೆ ಜೋಡಿಸಿದ ಗೆರೆ ಸರಿಯಾಗಿ ಕತ್ತಿನ ನಡುವೆ ಬರಬೇಕು, ಒಂದು ಎಳೆ ಗಂಟೂ ಇರಬಾರದು. ಇದ್ದರೆ ಹಾಕಿಕೊಂಡವನ ಕತ್ತಿಗೆ ಮುಳ್ಳಿನಂತೆ ಚುಚ್ಚಿ, ಅಂಗಿಗಳೆಲ್ಲ ವಾಪಸು ಬರುತ್ತವೆ. ಇದು ಎಡಗಾಲಿನ ಕೆಲಸವಲ್ಲ.

ನಾನು ಬಗ್ಗಿ ಪಟ್ಟಿ ಬಿಚ್ಚಿದೆ. ಗಂಟು ಬಿಗಿದು ಕೂತಿತ್ತು. ಉಗುರು ಹಾಕಿ ಎಳೆದೆ. ಬಲಗಾಲನ್ನು ಪೆಡಲ್ ಮೇಲಿಟ್ಟೆ. ಅದು ತವರಿಗೆ ಬಂದ ಮಗಳಂತೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಒಂದು ಚೂರು ಜೋಡಿಸಿದೆ, ಇನ್ನೊಂದು ಜೋಡಿಸಿದೆ. ಹಿಮ್ಮಡಿ ಒತ್ತಿದೆ, ದಾರ ಕತ್ತರಿಸಿತು. ಮತ್ತೆ ಒತ್ತಿದೆ. ಒಂದು ತಿಂಗಳ ಪಾಠ ಒಂದೊಂದೇ ಒತ್ತಿಗೆ ಕಾಲಿನಿಂದ ಇಳಿದು ಹೋಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕಣ್ಣು ತುಂಬಿ ಸೂಜಿ ಎರಡೆರಡು ಕಂಡಿತು. ಆದರೂ ಹೊಲಿಗೆ ನೆಟ್ಟಗೇ ಬರುತ್ತಿತ್ತು. ಅದಕ್ಕೆ ನನ್ನ ಕಣ್ಣು ಬೇಕಿರಲಿಲ್ಲ.

ಅತ್ತಿಗೆ ಹಿಂದೆ ನಿಂತೇ ಇದ್ದರು.

"ಪರೀಕ್ಷೆ ಯಾವತ್ತು?"

"ನಾಡಿದ್ದು ಬೆಳಿಗ್ಗೆ."

"ಇದನ್ನೆಲ್ಲ ಹೊಲಿದು ಹೋದ್ರೆ ಪಾಸಾಗ್ತೀಯಾ?"

"ಇಲ್ಲ."

ಅವರು ಟೇಪನ್ನು ಕತ್ತಿನಿಂದ ತೆಗೆದು, ಸುತ್ತಿ, ನನ್ನ ಮೆಷಿನ್ನಿನ ಮೇಲಿಟ್ಟರು.

"ಏಳು."

"ಅತ್ತಿಗೆ..."

"ಏಳೇ ಅಂದ್ರೆ. ನೀನೇನೋ ತ್ಯಾಗ ಮಾಡಿ ಇಲ್ಲೇ ಕೂರ್ತೀಯ. ಆಮೇಲೆ ಜನ್ಮ ಪೂರ್ತಿ ಆ ಮುಖ ಉಬ್ಬಿಸ್ಕೊಂಡು ನನ್ನ ಕಣ್ಣೆದುರಿಗೇ ಇರ್ತೀಯ. ಅದನ್ನ ಯಾರು ನೋಡೋರು? ಅದಕ್ಕಿಂತ ನಂಗೆ ಕತ್ತು ನೋವೇ ವಾಸಿ."

ಅವರು ಕೂತರು. ಹಾಲಿನಲ್ಲಿ ಎಲ್ಲರೂ ತಲೆ ಎತ್ತಿ ನೋಡಿದರು. ಈ ಸಲ ಅವರು ಯಾರನ್ನೂ ಗದರಲಿಲ್ಲ. ಸ್ಟೂಲನ್ನು ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ಎಳೆದುಕೊಂಡರು. ಚೂರುಗಳನ್ನು ಬೆರಳಲ್ಲಿ ಸವರಿ ಒಂದರ ಮೇಲೊಂದು ಇಟ್ಟರು. ನಾನು ಹೊಲಿದದ್ದು ಚೆನ್ನಾಗಿತ್ತು. ಅವರು ಹೊಲಿದದ್ದರಲ್ಲಿ ಜೋಡಣೆ ಎಲ್ಲಿದೆ ಎಂದು ನನಗೂ ಹುಡುಕಬೇಕಾಯಿತು.

"ಫೇಲಾಗಿ ಬಂದ್ರೆ ಕಾಲು ಮುರೀತೀನಿ," ಎಂದರು ತಲೆ ಎತ್ತದೆ. "ಎರಡೂ."

ಎರಡನೆಯ ಪರೀಕ್ಷೆಯಲ್ಲಿ ಸಾಹೇಬರು ಮೂರು ರಸ್ತೆ ಸುತ್ತಿಸಿದರು, ಕಿರಿದಾದ ಓಣಿಯಲ್ಲಿ ಹಿಂದಕ್ಕೆ ತರಿಸಿದರು, ಮಳೆ ಬಂತೇ ಎಂದು ಮಾತಿಗೆಳೆದರು. ಹಲಗೆಗೆ ಹೊಡೆದದ್ದು ನಾನು ಉತ್ತರ ಕೊಡುತ್ತಿದ್ದಾಗ. ಬಸ್ಸು ಮುಗ್ಗರಿಸಿ ನಿಂತಿತು. ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. ನಾನು ಕೆಳಗೆ ನೋಡಿದೆ. ಬಲಗಾಲು ಬ್ರೇಕಿನ ಮೇಲಿತ್ತು.

"ಮಗು ಮನೆಗೆ ಹೋಯ್ತು," ಎಂದರು ಅವರು, ಕನ್ನಡಕ ಏರಿಸಿಕೊಳ್ಳುತ್ತ.

ಡಿಪೋದಿಂದ ಓಡುವಂತೆ ಬಂದೆ. ಮೆಟ್ಟಿಲು ಹತ್ತುವಾಗಲೇ ಯಜಮಾನರ ದನಿ ಕೇಳಿಸಿತು. ಸಾಮಾನ್ಯವಾಗಿ ಲಾರಿ ಬರುವ ಹೊತ್ತಿಗೆ ಮಾತ್ರ ಬರುವವರು ಆವತ್ತು ಬೇಗ ಬಂದಿದ್ದರು. ಅತ್ತಿಗೆಯ ಪಕ್ಕದಲ್ಲಿ ನಿಂತು, ಒಂದು ಕಾಲರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದು ಜೋಡಿಸಿದ ಕಾಲರು. ನನ್ನ ಗಂಡ ಮೇಜಿನ ಆ ಕಡೆ ಕತ್ತರಿ ಹಿಡಿದು ನಿಂತಿದ್ದರು. ಯಜಮಾನರಿಗೆ ಜೋಡಣೆ ಕಾಣಲಿಲ್ಲ. ಕಂಡದ್ದು ತುದಿಗಳು.

"ಏನಮ್ಮ, ಈ ಕೈ ಇಟ್ಕೊಂಡು ಇಷ್ಟು ವರ್ಷ ಸುಮ್ನೆ ನಿಂತಿದ್ಯಲ್ಲ!" ಎಂದರು, ನಿಜವಾದ ಸಂತೋಷದಿಂದ. "ಆ ಹುಡುಗಿ ಬಸ್ಸು ಬಸ್ಸು ಅಂತಾಳಲ್ಲ, ಹೋಗ್ಲಿ ಬಿಡು. ನೀನೇ ಕೂತ್ಕೋ ಇನ್ಮೇಲೆ. ಲೈನ್ ನೋಡೋಕೆ ಯಾರಾದ್ರೂ ಸಿಗ್ತಾರೆ. ಕಾಲರ್‌ಗೆ ಎಲ್ಲಿ ಸಿಗ್ತಾರೆ?"

ಅತ್ತಿಗೆ "ಹೂಂ" ಎಂದರು. ಬೇರೆ ಏನು ಹೇಳಬಹುದಿತ್ತು? ಇಲ್ಲ ಎಂದರೆ ಯಾಕೆ ಕೂತೆ ಎಂದು ಕೇಳುತ್ತಾರೆ. ಯಾಕೆ ಕೂತೆ ಎಂದರೆ ಬಟ್ಟೆಯ ವಿಷಯ ಬರುತ್ತದೆ. ಅದರ ಹಿಂದೆ ತಮ್ಮನ ಕೆಲಸ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬಾಯಲ್ಲೂ ಒಂದು ಮಾತು ಬಂದು, ಅದೇ ದಾರಿಯಲ್ಲಿ ಯೋಚಿಸಿ, ಒಳಗೇ ಉಳಿಯಿತು.

ಯಜಮಾನರು ಲೈನಿನ ಹುಡುಗಿಯರಲ್ಲಿ ಒಬ್ಬಳನ್ನು ಕರೆದು, ಮೆಷಿನ್ನಿನ ಮೇಲಿದ್ದ ಟೇಪನ್ನು ಅವಳ ಕೈಗೆ ಕೊಟ್ಟು ಹೋದರು. ಅವಳು ಅದನ್ನು ಕತ್ತಿಗೆ ಹಾಕಿಕೊಳ್ಳಲು ನಾಚಿ, ಕೈಯಲ್ಲೇ ಹಿಡಿದುಕೊಂಡಿದ್ದಳು.

ನಾನು ಅತ್ತಿಗೆಯ ಹತ್ತಿರ ಹೋದೆ.

"ಆಯ್ತಾ?" ಎಂದರು.

"ಆಯ್ತು ಅತ್ತಿಗೆ. ಸೋಮವಾರದಿಂದ ಡ್ಯೂಟಿ."

"ಒಳ್ಳೇದಾಯ್ತು. ಯೂನಿಫಾರಂ ಕೊಡ್ತಾರಾ?"

"ಕೊಡ್ತಾರೆ."

"ಕಾಲರು ನೋಡಿ ತಗೋ. ಎಲ್ರೂ ನಮ್ಮ ಹಾಗೆ ಹೊಲಿಯಲ್ಲ."

ಅವರ ಕೈ ನಿಲ್ಲಲಿಲ್ಲ. ಹಿಮ್ಮಡಿ ಒತ್ತುತ್ತಿತ್ತು, ಸೂಜಿ ಏಳುತ್ತಿತ್ತು, ದಾರ ಕತ್ತರಿಸುತ್ತಿತ್ತು. ಕತ್ತು ಆಗಲೇ ಒಂದು ಕಡೆಗೆ ವಾಲಿತ್ತು.

"ಯಾರಿಗಾದ್ರೂ ಕಲಿಸಿ ಅತ್ತಿಗೆ," ಎಂದೆ. "ಆ ಟೇಪ್ ಹಿಡ್ಕೊಂಡಿರೋ ಹುಡುಗಿಗೇ ಕಲಿಸಿ. ನನ್ನನ್ನ ತಯಾರು ಮಾಡಿದ್ರಲ್ಲ, ಹಾಗೇ..."

"ನಿನ್ನನ್ನ ತಯಾರು ಮಾಡೋಕೆ ಆರು ವರ್ಷ ಹಿಡೀತು ಕಣೇ." ಅವರು ಮೊದಲ ಸಲ ತಲೆ ಎತ್ತಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ, ಮುಗಿಸಿದ ಅಂಗಿಯನ್ನು ನೋಡುವಂತೆ ನೋಡಿ, ಕೈಯಿಂದ ಆ ಕಡೆಗೆ ತಳ್ಳಿದರು.

"ಅತ್ತ ಸರಿ. ಬೆಳಕಿಗೆ ಅಡ್ಡ ನಿಂತಿದ್ದೀಯ."